ಎರಡು ದೇಶಗಳ ಗಡಿ ದಾಟುತ್ತಿದ್ದ ರೈಲುದಾರಿ

ರೈಲಿನಲ್ಲಿ ಗೋವಾಕ್ಕೆ ಹೊರಟಿದ್ದೀರಾ? ಹಾಗಾದರೆ ಲೋಂಡಾ ಬಿಟ್ಟ ಮೇಲೆ ನಿದ್ದೆ ಮಾಡಬೇಡಿ. ತಿನೈಘಾಟ್ ದಾಟಿದರೆ ಕ್ಯಾಸಲ್‌ರಾಕ್ ಬರುತ್ತೆ. ಉತ್ತರ ಕನ್ನಡದ ಕಾಡಿನೊಳಗಿನ ಪುಟ್ಟ ಸ್ಟೇಷನ್ನು. ಆದರೆ ಒಂದು ಕಾಲಕ್ಕೆ ಇದೇ ಎರಡು ದೇಶಗಳ ಗಡಿ! ಈಚೆ ಬ್ರಿಟಿಷರು, ಆಚೆ ಪೋರ್ಚುಗೀಸರು. ಒಳನಾಡಿನ ಸರಕು ಮುರ್ಮಗೋವಾ ಬಂದರು ಸೇರಲೆಂದು 1880ರ ದಶಕದಲ್ಲಿ ಈ ದಾರಿ ಹಾಕಿದರು. ಇಲ್ಲಿ ಪ್ರಯಾಣಿಕರ ಗಂಟುಮೂಟೆ ಬಿಚ್ಚಿಸಿ ಸುಂಕದವರು ನೋಡುತ್ತಿದ್ದರಂತೆ.

1955ರಲ್ಲಿ ಗೋವಾದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ನಮ್ಮ ಸರ್ಕಾರ ಗಡಿ ಮುಚ್ಚಿತು, ಗಾಡಿಯೂ ನಿಂತಿತು. ತವರು ಈಚೆ, ಗಂಡನ ಮನೆ ಆಚೆ ಇದ್ದ ಹೆಣ್ಣುಮಕ್ಕಳ ಪಾಡು ಏನಾಗಿದ್ದೀತು, ನೀವೇ ಯೋಚಿಸಿ. ಬಾಣಂತನಕ್ಕೆ, ಹಬ್ಬಕ್ಕೆ ಬರುವುದೆಂತು? 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾದ ಮೇಲೆಯೇ ಈ ದಾರಿ ಮತ್ತೆ ತೆರೆದದ್ದು.

ಕ್ಯಾಸಲ್‌ರಾಕಿನಿಂದ ಕುಳೆಂವರೆಗೆ ಸುಮಾರು 26 ಕಿಲೋಮೀಟರು ಘಟ್ಟ. 37 ಅಡಿಗೆ ಒಂದಡಿ ಇಳಿಜಾರು! ಸುರಂಗದ ಮೇಲೆ ಸುರಂಗ. ನಡುವೆ ಸುಮಾರು 310 ಮೀಟರು ಎತ್ತರದಿಂದ ಹಾಲು ಸುರಿದಂತೆ ದೂಧ್‌ಸಾಗರ. ಮಳೆಗಾಲದಲ್ಲಿ ಅದರ ಸೊಗಸೇ ಬೇರೆ. 1990ರ ದಶಕದಲ್ಲಿ ಹಳಿ ಅಗಲವಾಯಿತು; ಘಟ್ಟ ಮಾತ್ರ ಅದೇ.

ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ. ಮಕ್ಕಳನ್ನು ಬಾಗಿಲ ಬಳಿ ಬಿಡಬೇಡಿ. ಜಲಪಾತದ ಹತ್ತಿರ ಇಳಿದು ಹಳಿಯ ಮೇಲೆ ನಡೆಯುವುದಂತೂ ಬೇಡವೇ ಬೇಡ. ಕಿಟಕಿಯಿಂದ ನೋಡಿದರೇ ಕಣ್ಣು ತುಂಬುತ್ತದೆ.