ಎಸ್.ಪಿ. ರಸ್ತೆಯಲ್ಲಿ ಹೆಡ್‌ಫೋನ್ ಹುಡುಕುತ್ತ...

ಬೆಂಗಳೂರಿನ ಹಳೆಯ ಪೇಟೆಗಳಿಗೆ ಹೆಸರು ಬಂದದ್ದು ಅಲ್ಲಿನ ಸರಕು ಮತ್ತು ಕಸುಬುಗಳಿಂದ. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ ಎಂದರೆ ಸಾಕು, ಒಂದು ಕಾಲಕ್ಕೆ ಅಲ್ಲಿ ಏನು ನಡೆಯುತ್ತಿತ್ತೆಂದು ತಿಳಿಯುತ್ತದೆ. ಇದೇ ಸಾಲಿನಲ್ಲಿ ‘ತಂತಿಪೇಟೆ’ ಎಂದು ಕರೆಯಬಹುದಾದ ಬೀದಿಯೊಂದಿದೆ. ಅದೇ ಸದರ್ ಪತ್ರಪ್ಪ ರಸ್ತೆ. ಜನರ ಬಾಯಲ್ಲಿ ಎಸ್.ಪಿ. ರಸ್ತೆ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳನ್ನು ಹಾದು, ನಗರ್ತಪೇಟೆಯ ಇಕ್ಕಟ್ಟಿನಲ್ಲಿ ಭುಜ ತಾಗಿಸಿಕೊಂಡು ನಡೆದರೆ ಈ ಬೀದಿ ಸಿಗುತ್ತದೆ. ರೆಸಿಸ್ಟರ್‌ನಿಂದ ಕಂಪ್ಯೂಟರ್‌ವರೆಗೆ ಇಲ್ಲಿ ಸಿಗದ ಸಾಮಾನಿಲ್ಲ. ಭಾನುವಾರ ಬಹುತೇಕ ಅಂಗಡಿಗಳಿಗೆ ರಜೆ. ದೂರದಿಂದ ಬರುವವರು ಇದನ್ನು ನೆನಪಿಡಬೇಕು.

ಒಂದು ಶನಿವಾರ ಮಧ್ಯಾಹ್ನ ದೊಡ್ಡಬಳ್ಳಾಪುರದಿಂದ ಬಂದ ತಂದೆ, ಮಗಳು ಇಬ್ಬರೂ ಈ ಬೀದಿಗೆ ಕಾಲಿಟ್ಟರು. ಮಗಳು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ತಂದೆ ಇಪ್ಪತ್ತೈದು ವರ್ಷಗಳಿಂದ ವಿದ್ಯುತ್ ಮಗ್ಗ ನಡೆಸುವವರು. ಮನೆಯ ಮುಂಭಾಗದಲ್ಲಿ ನಾಲ್ಕು ಮಗ್ಗ, ಹಿಂಭಾಗದಲ್ಲಿ ಸಂಸಾರ. ಮಗಳು ಫೋನಿನಲ್ಲಿ ಪಾಠ ಕೇಳಬೇಕಾದದ್ದು ಆ ಸದ್ದಿನ ನಡುವೆಯೇ. ನೂರೈವತ್ತು ರೂಪಾಯಿಯ ಇಯರ್‌ಫೋನಿನಲ್ಲಿ ಪಾಠ ಕೇಳಿಸದಾದಾಗ ಧ್ವನಿ ಏರಿಸುವಳು; ಮಗ್ಗದ ಸದ್ದು ಜೋರಾದರೆ ಇನ್ನಷ್ಟು ಏರಿಸುವಳು. ಈಚೆಗೆ ರಾತ್ರಿ ಮಲಗಿದಾಗ ಕಿವಿಯಲ್ಲಿ ‘ಗುಂಯ್’ ಎನ್ನುತ್ತದೆಂದು ತಾಯಿಯೊಡನೆ ಹೇಳಿದ್ದಳು. ಹೊಸ ಹೆಡ್‌ಫೋನಿಗೆಂದು ಮನೆಯಲ್ಲಿ ತೆಗೆದಿರಿಸಿದ್ದ ಹಣ ಎರಡು ಸಾವಿರ ರೂಪಾಯಿ.

ಬಟ್ಟಲಿಗೆ ಬೆನ್ನು ಬೇಕೆ?

ಅಂಗಡಿಯವರು ಗಡ್ಡ ನರೆತ ಹಿರಿಯರು. ಮೊದಲು ‘ಎಷ್ಟರಲ್ಲಿ ಬೇಕು?’ ಎಂದು ಕೇಳಲಿಲ್ಲ. ‘ಎಲ್ಲಿ ಕೂತು ಕೇಳುತ್ತೀಯಮ್ಮ?’ ಎಂದು ಕೇಳಿದರು. ಮಗ್ಗದ ಮನೆ ಎಂದು ತಿಳಿದೊಡನೆ ಗೋಡೆಗೆ ನೇತುಹಾಕಿದ್ದ ಅರ್ಧದಷ್ಟು ಸರಕನ್ನು ಕೈಸನ್ನೆಯಲ್ಲೇ ಬದಿಗಿಟ್ಟರು!

ತಲೆಗೆ ಧರಿಸುವ ಹೆಡ್‌ಫೋನುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರ ಬಟ್ಟಲಿಗೆ ಹಿಂಬದಿಯಲ್ಲಿ ಜಾಲರಿ ಇರುತ್ತದೆ. ಗಾಳಿ, ಸದ್ದು ಎರಡೂ ಒಳಗೂ ಹೊರಗೂ ಆಡುತ್ತವೆ. ಸಂಗೀತ ವಿಶಾಲವಾಗಿ, ಕೋಣೆಯಲ್ಲಿ ಕುಳಿತು ಕೇಳಿದಂತೆ ಕೇಳುತ್ತದೆ. ಆದರೆ ಪಕ್ಕದವರಿಗೂ ಕೇಳುತ್ತದೆ, ಹೊರಗಿನ ಗದ್ದಲವೂ ಒಳಗೆ ಬರುತ್ತದೆ. ಇದು ನಿಶ್ಶಬ್ದವಾದ ಮನೆಗೆ ಸರಿ. ಇನ್ನೊಂದರ ಹಿಂಬದಿ ಗಟ್ಟಿಯಾಗಿ ಮುಚ್ಚಿರುತ್ತದೆ. ಕಿವಿಯ ಸುತ್ತ ಮೆತ್ತೆ ಒತ್ತಿ ಕೂತು ಗಾಳಿ ಸೇರದಂತೆ ತಡೆಯುತ್ತದೆ. ಬಸ್ಸು, ಹಾಸ್ಟೆಲು, ಗ್ರಂಥಾಲಯ, ಮಗ್ಗದ ಮನೆ - ಇವುಗಳಿಗೆ ಈ ಮುಚ್ಚಿದ ಬಗೆಯೇ ತಕ್ಕದ್ದು.

ಹೊರಗಿನ ಸದ್ದನ್ನೆಲ್ಲ ಬಟ್ಟಲು ಸಮನಾಗಿ ತಡೆಯಲಾರದು. ಮಗ್ಗದ ‘ಖಟ್ ಖಟ್’ನಲ್ಲಿರುವ ಚುರುಕಾದ ಹೆಚ್ಚಿನ ಕಂಪನಾಂಕದ ಅಂಶ ಬಹುಮಟ್ಟಿಗೆ ನಿಲ್ಲುತ್ತದೆ, ಬಸ್ಸಿನ ಎಂಜಿನ್ನಿನಂಥ ಕಡಿಮೆ ಕಂಪನಾಂಕದ ಗುಡುಗು ಹೆಚ್ಚಾಗಿ ಒಳನುಸುಳುತ್ತದೆ. ಆ ಗುಡುಗಿಗೆ ಎದುರು ಅಲೆಯನ್ನು ಹುಟ್ಟಿಸಿ ತಗ್ಗಿಸುವ ವಿದ್ಯುತ್ ಉಪಾಯವಿರುವ ಹೆಡ್‌ಫೋನುಗಳೂ ಉಂಟು. ಅವುಗಳಿಗೆ ಬ್ಯಾಟರಿ ಬೇಕು, ಬೆಲೆಯೂ ಹೆಚ್ಚು.

ಅಡುಗೆಮನೆಯಿಂದ ನೌಕಾಪಡೆಗೆ

ಈ ಉಪಕರಣ ಹುಟ್ಟಿದ್ದು ಹಾಡು ಕೇಳಲಿಕ್ಕಲ್ಲ. ಅಮೆರಿಕದ ಯೂಟಾ ರಾಜ್ಯದ ನ್ಯಾಥನಿಯಲ್ ಬಾಲ್ಡ್ವಿನ್ ತನ್ನ ಅಡುಗೆಮನೆಯಲ್ಲಿ ಕೈಯಾರೆ ಜೋಡಿಸಿದ ಹೆಡ್‌ಫೋನನ್ನು 1910ರಲ್ಲಿ ಆ ದೇಶದ ನೌಕಾಪಡೆ ಕೊಂಡಿತು. ನಿಸ್ತಂತು ಸಂದೇಶಗಳನ್ನು ಕೇಳುವುದಕ್ಕೆ ಅದು ಬಳಕೆಯಾಯಿತು. ಸ್ಟೀರಿಯೊ ಸಂಗೀತಕ್ಕೆಂದೇ 1958ರಲ್ಲಿ ಜಾನ್ ಕಾಸ್ ಮಿಲ್ವಾಕಿ ನಗರದಲ್ಲಿ ಹೆಡ್‌ಫೋನ್ ತಂದರು. 1979ರಲ್ಲಿ ಸೋನಿಯ ವಾಕ್‌ಮನ್ ಬಂದ ಮೇಲೆ ಹೆಡ್‌ಫೋನ್ ಮನೆಯಿಂದ ಬೀದಿಗಿಳಿಯಿತು. ಬೀದಿಗೆ ಇಳಿದಲ್ಲಿಂದಲೇ ಗದ್ದಲದೊಡನೆ ಅದರ ಪೈಪೋಟಿ ಶುರು!

ಪೆಟ್ಟಿಗೆಯ ಮೇಲಿನ ಅಂಕಿಗಳು

‘ಇದರಲ್ಲಿ 10ರಿಂದ 30 ಸಾವಿರ ಹರ್ಟ್ಸ್ ಎಂದಿದೆ, ಇದೇ ಒಳ್ಳೆಯದಲ್ಲವೆ?’ ಎಂದಳು ಹುಡುಗಿ. ಅಂಗಡಿಯವರು ನಕ್ಕರು. ಎಳೆಯ, ಆರೋಗ್ಯವಂತ ಕಿವಿಗೆ ಕೇಳುವುದು ಸುಮಾರು 20ರಿಂದ 20 ಸಾವಿರ ಹರ್ಟ್ಸ್ ಮಾತ್ರ. ಕೇಳಲಾರದ ಸದ್ದಿಗೆ ಹಣ ಕೊಡುವುದರಲ್ಲಿ ಅರ್ಥವಿಲ್ಲ. ಡಯಾಫ್ರಮ್ 50 ಮಿಲಿಮೀಟರ್ ಇದ್ದೊಡನೆ 40ಕ್ಕಿಂತ ಉತ್ತಮ ಎಂದೂ ಇಲ್ಲ.

ನೋಡಲೇಬೇಕಾದ ಅಂಕಿಯೆಂದರೆ ಓಮ್. ಫೋನಿನಿಂದ ಸಿಗುವ ವೋಲ್ಟೇಜು ಸೀಮಿತ. ಹತ್ತನೆಯ ತರಗತಿಯ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ: ವೋಲ್ಟೇಜು ಒಂದೇ ಇದ್ದಾಗ ರೋಧ ಹೆಚ್ಚಿದಂತೆ ದೊರೆಯುವ ಸಾಮರ್ಥ್ಯ ಕಡಿಮೆ. 32 ಓಮಿನ ಹೆಡ್‌ಫೋನಿಗೆ ಹೋಲಿಸಿದರೆ 250 ಓಮಿನದಕ್ಕೆ ಸಿಗುವುದು ಎಂಟನೆಯ ಒಂದು ಭಾಗ. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ ಎಂಬ ಪ್ರಸಿದ್ಧ ಮುಚ್ಚಿದ ಹೆಡ್‌ಫೋನ್ 32, 80, 250 ಓಮ್‌ಗಳಲ್ಲಿ ಬಂದಿರುವುದು ಇದಕ್ಕಾಗಿಯೇ. ಫೋನಿಗೆ ನೇರವಾಗಿ ಜೋಡಿಸುವವರು ಐವತ್ತು ಓಮಿನೊಳಗೆ ಇರುವುದು ಕ್ಷೇಮ. ಆಡಿಯೊ-ಟೆಕ್ನಿಕಾದ ಎಂ20ಎಕ್ಸ್ 47 ಓಮಿನದು. ಅದರ ವೈರು ಮಾತ್ರ ಮೂರು ಮೀಟರ್ ಉದ್ದ, ಬಸ್ಸಿಗಲ್ಲ, ಮೇಜಿಗೆ ಸರಿ. ಅದು ಎರಡು ಸಾವಿರ ರೂಪಾಯಿಯ ಅಳವಿಗೂ ಮೀರಿದ್ದು.

ವೈರೋ, ಬ್ಲೂಟೂತೋ ಎಂಬುದು ಮುಂದಿನ ಪ್ರಶ್ನೆ. ಬ್ಯಾಟರಿ ಕೆಲವು ವರ್ಷಗಳಲ್ಲಿ ಬಳಲುತ್ತದೆ. ವೈರಿಗೆ ಆ ಚಿಂತೆಯಿಲ್ಲ. ಅದೇ ಬೆಲೆಯಲ್ಲಿ ವೈರಿನದರಲ್ಲಿ ಹಣವೆಲ್ಲ ಧ್ವನಿಗೂ ಮೆತ್ತೆಗೂ ಹೋಗುತ್ತದೆ. ಫೋನಿನಲ್ಲಿ 3.5 ಮಿಲಿಮೀಟರಿನ ರಂಧ್ರ ಇದೆಯೇ ಎಂದು ಮೊದಲು ನೋಡಬೇಕು. ಇಲ್ಲವಾದರೆ ಒಂದು ಚಿಕ್ಕ ಅಡಾಪ್ಟರ್ ಸಾಕು. ವೈರನ್ನು ಬಿಚ್ಚಿ ಬದಲಿಸುವಂತಿದ್ದರೆ, ಮೆತ್ತೆ ಬಿಡಿಯಾಗಿ ಸಿಗುವಂತಿದ್ದರೆ ಹೆಡ್‌ಫೋನಿನ ಆಯುಸ್ಸು ಇಮ್ಮಡಿ.

ಬೀದಿಯೇ ಪ್ರಯೋಗಾಲಯ

ಮೂರು ಜೊತೆ ಮೇಜಿನ ಮೇಲೆ ಬಂದವು. ಅಂಗಡಿಯವರು ಹುಡುಗಿಯನ್ನು ಹೊಸ್ತಿಲ ಬಳಿ, ಆಟೋಗಳ ಹಾರ್ನಿಗೆ ಮುಖಮಾಡಿ ನಿಲ್ಲಿಸಿದರು. ಮೊದಲ ಪರೀಕ್ಷೆ: ಹಾಡು ಹಾಕದೆ ಬರಿದೆ ಧರಿಸುವುದು. ಬೀದಿ ಎಷ್ಟು ದೂರ ಸರಿಯಿತು ಎಂಬುದೇ ಅಂಕ. ಎರಡನೆಯದು: ತಬಲದ ಡಗ್ಗದಂಥ ಮಂದ್ರ ನಾದ ಕೇಳುತ್ತ ಬಟ್ಟಲನ್ನು ಬೆರಳಿನಿಂದ ಮೆಲ್ಲನೆ ಒತ್ತುವುದು. ಒತ್ತಿದಾಗ ಮಾತ್ರ ಮಂದ್ರ ತುಂಬಿಬಂದರೆ ಮೆತ್ತೆ ಸರಿಯಾಗಿ ಕೂತಿಲ್ಲ ಎಂದರ್ಥ. ಕನ್ನಡಕದ ಕಡ್ಡಿಯೂ ಹೀಗೆ ಸಂದು ಮಾಡುತ್ತದೆ. ಕನ್ನಡಕ ಹಾಕುವವರು ಅದನ್ನು ಹಾಕಿಕೊಂಡೇ ಪರೀಕ್ಷಿಸಬೇಕು. ಮೂರನೆಯದು: ಒಂದು ಮಾರು ದೂರದಲ್ಲಿ ನಿಂತವರಿಗೆ ಸದ್ದು ಕೇಳುತ್ತದೆಯೇ? ನಾಲ್ಕನೆಯದು: ಪ್ಲಗ್ಗಿನ ಬುಡದಲ್ಲಿ ವೈರನ್ನು ಅಲ್ಲಾಡಿಸಿದರೆ ಕರಕರ ಎನ್ನುತ್ತದೆಯೇ? ಕೊನೆಯದು, ಹತ್ತು ನಿಮಿಷ ಹಾಗೆಯೇ ಧರಿಸಿ ಕೂರುವುದು. ಬಿಗಿ ಎಷ್ಟೆಂದು ಕಿವಿಯೇ ಹೇಳುತ್ತದೆ.

ಕಿವಿಯ ಮೇಲೆ ಕೂರುವ ಒಂದು, ಎರಡನೆಯ ಪರೀಕ್ಷೆಯಲ್ಲಿ ಸೋತಿತು. ಮಿರಮಿರ ಮಿನುಗುವ ಇನ್ನೊಂದರ ವೈರು ಕರಕರ ಎಂದಿತು. ಕಿವಿಯನ್ನು ಪೂರ್ತಿ ಸುತ್ತುವರಿಯುವ, ನೋಡಲು ಸಾದಾ ಆದ, ಸಾವಿರದ ಆರುನೂರು ರೂಪಾಯಿಯ ಕಪ್ಪು ಜೊತೆ ಉಳಿಯಿತು.

ತಂದೆಗೆ ಕೇಳಿಸದ ಸ್ವರ

ಎಡಬಲ ಸರಿಯಿದೆಯೇ ಎಂದು ನೋಡಲು ಅಂಗಡಿಯವರು ಫೋನಿನಿಂದ ಒಂದೇ ಸ್ವರವನ್ನು ನುಡಿಸಿದರು. 12 ಸಾವಿರ ಹರ್ಟ್ಸ್ ಬಂದಾಗ ಹುಡುಗಿ ಮುಖ ಸಿಂಡರಿಸಿದಳು. ತಂದೆಗೆ ಏನೂ ಕೇಳಲಿಲ್ಲ. ವಯಸ್ಸಾದಂತೆ ಇದು ಸಹಜವೇ. ಆದರೆ ಸ್ವರವನ್ನು 4 ಸಾವಿರಕ್ಕೆ ಇಳಿಸಿದಾಗಲೂ ಅವರು ‘ಈಗ ಬಂತು’ ಎನ್ನಬೇಕಾದರೆ ಧ್ವನಿಯನ್ನು ಬಹಳ ಏರಿಸಬೇಕಾಯಿತು. ಹುಡುಗಿ ತಂದೆಯ ಮುಖ ನೋಡಿದಳು. ಮನೆಯಲ್ಲಿ ಯಾರೇನೆಂದರೂ ‘ಆಂ?’ ಎನ್ನುವ, ‘ಸರ’ ಎಂದರೆ ‘ತರ’ ಎಂದು ಕೇಳಿಸಿಕೊಳ್ಳುವ ಅಪ್ಪನನ್ನು ಎಲ್ಲರೂ ತಮಾಷೆ ಮಾಡುತ್ತಿದ್ದರು.

ಗದ್ದಲದಿಂದಾಗುವ ಕಿವುಡು ಸಾಮಾನ್ಯವಾಗಿ ಮೊದಲು ತೋರುವುದು ಈ 4 ಸಾವಿರ ಹರ್ಟ್ಸಿನ ಆಸುಪಾಸಿನಲ್ಲಿ. ಒಳಕಿವಿಯಲ್ಲಿ ಸುಮಾರು 15 ಸಾವಿರ ರೋಮಕೋಶಗಳಿರುತ್ತವೆ; ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರು ವಾರಕ್ಕೆ 40 ಗಂಟೆ 80 ಡೆಸಿಬಲ್ ಕೇಳಬಹುದು. ಮಕ್ಕಳಿಗೆ ಆ ಮಿತಿ 75. ಮೂರು ಡೆಸಿಬಲ್ ಏರಿದರೆ ಧ್ವನಿಶಕ್ತಿ ಇಮ್ಮಡಿ, ಹೀಗಾಗಿ ಕಾಲ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ ಹತ್ತು, 89ಕ್ಕೆ ಐದೇ ಗಂಟೆ. ವಿದ್ಯುತ್ ಮಗ್ಗಗಳ ಸದ್ದು ಸಾಮಾನ್ಯವಾಗಿ 90ನ್ನು ದಾಟುತ್ತದೆ! ಅದರ ಮೇಲೆ ಪಾಠ ಕೇಳಿಸಬೇಕೆಂದು ಇಯರ್‌ಫೋನಿನ ಧ್ವನಿ ಏರಿಸುತ್ತಿದ್ದ ಹುಡುಗಿ ತನ್ನ ಲೆಕ್ಕವನ್ನು ತಾನೇ ಹಾಕಿಕೊಂಡಳು.

‘ಮುಚ್ಚಿದ ಹೆಡ್‌ಫೋನಿನ ಲಾಭ ಹಾಡಿನ ರುಚಿಯಲ್ಲ, ತಾಯಿ. ಕಡಿಮೆ ಧ್ವನಿಯಲ್ಲಿ ಕೇಳಬಹುದು, ಅದೇ ಲಾಭ. ಇದನ್ನು ಹಾಕಿಕೊಂಡೂ ಜೋರು ಮಾಡಿದರೆ ದುಡ್ಡು ದಂಡ’ ಎಂದರು ಅಂಗಡಿಯವರು. ಫೋನು ಕಿವಿಪರೀಕ್ಷೆಯ ಯಂತ್ರವಲ್ಲ, ಇಬ್ಬರೂ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳುವುದು ಒಳ್ಳೆಯದು ಎಂದೂ ಸೇರಿಸಿದರು. ಗ್ಯಾರಂಟಿ ಬರೆದ ಜಿಎಸ್‌ಟಿ ರಸೀದಿ ಹರಿದುಕೊಟ್ಟರು.

ಉಳಿದದ್ದು ನಾಲ್ಕುನೂರು ರೂಪಾಯಿ. ಬರುವ ದಾರಿಯಲ್ಲಿ ಅವೆನ್ಯೂ ರಸ್ತೆಯಲ್ಲಿ ಒಂದು ಪ್ರಶ್ನೆಪತ್ರಿಕೆಗಳ ಸಂಪುಟ ನೋಡಿಟ್ಟಿದ್ದರು. ಆದರೆ ಹುಡುಗಿ ಮತ್ತೊಂದು ಅಂಗಡಿಯ ಮುಂದೆ ನಿಂತಳು. ಕಾರ್ಖಾನೆಗಳ ಕೆಲಸಗಾರರು ಧರಿಸುವ ಹಳದಿ ಬಣ್ಣದ ಕಿವಿಕಾಪು ಅಲ್ಲಿ ತೂಗುತ್ತಿತ್ತು. ಅದೇ ಮುಚ್ಚಿದ ಬಟ್ಟಲು, ಅದೇ ಮೆತ್ತೆ. ಒಳಗೆ ಹಾಡು ಮಾತ್ರ ಇಲ್ಲ.

‘ಇಷ್ಟು ವರ್ಷ ಇಲ್ಲದ್ದು ಈಗೇಕೆ?’ ಎಂದರು ತಂದೆ.

‘ಉಳಿದದ್ದಾದರೂ ಇರಲಿ ಅಂತ’ ಎಂದಳು. ಅವರಿಗೆ ಕೇಳಿಸಲಿಲ್ಲ. ಅವಳು ಹತ್ತಿರ ಬಂದು, ಕೂಗದೆ, ಬಿಡಿಸಿ ಬಿಡಿಸಿ ಇನ್ನೊಮ್ಮೆ ಹೇಳಿದಳು.

ಮುಂದೆ ಸ್ವಲ್ಪ ದೂರದಲ್ಲಿ ಕಬ್ಬನ್‌ಪೇಟೆ. ಒಂದು ಕಾಲಕ್ಕೆ ನೇಕಾರರ ಮಗ್ಗಗಳಿಗೆ ಹೆಸರಾದ ಜಾಗ ಅದು. ತಂದೆ ಆ ದಿಕ್ಕಿಗೊಮ್ಮೆ ನೋಡಿ, ಜೇಬಿಗೆ ಕೈಹಾಕಿದರು. ಸಂಜೆಯ ಬಸ್ಸಿನಲ್ಲಿ ಇಬ್ಬರ ಮಡಿಲಲ್ಲೂ ಒಂದೊಂದು ಪೊಟ್ಟಣವಿತ್ತು.