ಕ್ಷಮಿಸದಿದ್ದರೂ ಆದೀತು

ವಿಶುವಲ್ ನಾವೆಲ್ ಎಂಬ ಜಪಾನಿ ಸರಕನ್ನು ಆಟವೆನ್ನಬೇಕೋ ಪುಸ್ತಕವೆನ್ನಬೇಕೋ ಎಂಬ ತಕರಾರು ಇನ್ನೂ ಬಗೆಹರಿದಿಲ್ಲ. ತೆರೆಯ ಮೇಲೊಂದು ಚಿತ್ರ, ಹಿಂದೆ ಸಂಗೀತ, ಕೆಳಗೆ ನಾಲ್ಕು ಸಾಲು ಬರಹ. ಗುಂಡಿ ಒತ್ತಿದರೆ ಇನ್ನು ನಾಲ್ಕು ಸಾಲು. ಓಡುವುದಿಲ್ಲ, ಹಾರುವುದಿಲ್ಲ, ಯಾರ ಮೇಲೂ ಗುಂಡು ಹಾರಿಸುವುದಿಲ್ಲ. ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ ನನ್ನ ಬೆನ್ನ ಹಿಂದೆ ಅಕ್ಕನ ಮಗ ಸ್ವಲ್ಪ ಹೊತ್ತು ನಿಂತು ನೋಡಿದ. "ಮಾವ, ಆಟ ಯಾವಾಗ ಶುರುವಾಗತ್ತೆ?" ಅಂದ. "ಇದೇ ಆಟ ಕಣೋ" ಅಂದೆ. ವಯಸ್ಸಾದವರನ್ನು ನೋಡುವ ಮರುಕದಿಂದ ನನ್ನನ್ನೊಮ್ಮೆ ನೋಡಿ ಹೊರಟುಹೋದ.

ನಾನು ಓದುತ್ತಿದ್ದದ್ದು, ಅಥವಾ ಆಡುತ್ತಿದ್ದದ್ದು, 'ದಿ ಹೌಸ್ ಇನ್ ಫಾಟಾ ಮೊರ್ಗಾನಾ'. ನೋವೆಕ್ಟಾಕಲ್ ಎಂಬ ಜಪಾನಿನ ಪುಟ್ಟ ತಂಡ 2012ರ ಕೊನೆಯಲ್ಲಿ ಹೊರತಂದ ಕೃತಿ. ಬರೆದವರು ಹನಾದಾ ಕೇಯಿಕಾ, ಚಿತ್ರ ಬರೆದವರು ಮೋಯಾತಾರೋ. ಇಂಗ್ಲಿಷಿಗೆ ಬಂದದ್ದು 2016ರಲ್ಲಿ. ನಮ್ಮಂಥವರಿಗೆ ದಕ್ಕಿದ್ದು ಆಮೇಲೆ. ಜಪಾನಿ ಆಟವೆಂದರೆ ತಟ್ಟೆಯಗಲದ ಕಣ್ಣಿನ ಹುಡುಗಿಯರು ಎಂದುಕೊಂಡವರಿಗೆ ಇಲ್ಲಿ ನಿರಾಸೆ ಕಾದಿದೆ. ಮುಖಗಳೆಲ್ಲ ಯುರೋಪಿನ ಹಳೆಯ ತೈಲಚಿತ್ರಗಳಿಂದ ಎದ್ದು ಬಂದಂತಿವೆ. ಪಾತ್ರಗಳಿಗೆ ಕಂಠದಾನ ಇಲ್ಲ. ಆ ಕೊರತೆಯನ್ನು ತುಂಬುವುದು ಹಾಡು. ಮಾತು ನಿಂತ ಕಡೆ ಒಂದು ಹೆಣ್ಣುದನಿ ಎಲ್ಲಿಂದಲೋ ಎದ್ದು ಬರುತ್ತದೆ, ದೃಶ್ಯ ಮುಗಿದ ಮೇಲೂ ಗುಂಡಿ ಒತ್ತಲು ಕೈ ಬರುವುದಿಲ್ಲ.

ಕಥೆ ಹೀಗೆ ತೆರೆಯುತ್ತದೆ. ನೀವು ಒಂದು ಪಾಳು ಮಹಲಿನಲ್ಲಿ ಕಣ್ಣು ಬಿಡುತ್ತೀರಿ. ಹೆಸರು ನೆನಪಿಲ್ಲ, ಮುಖ ನೆನಪಿಲ್ಲ. ಎದುರಿಗೊಬ್ಬಳು ದಾಸಿ. ಅವಳು ನಿಮ್ಮನ್ನು ಒಡೆಯ ಎನ್ನುತ್ತಾಳೆ, ಕೈ ಹಿಡಿದು ಒಂದೊಂದೇ ಬಾಗಿಲ ಬಳಿ ಕರೆದೊಯ್ಯುತ್ತಾಳೆ. ಬಾಗಿಲ ಹಿಂದೆ ಅದೇ ಮನೆ, ಬೇರೆ ಕಾಲ. ಮೊದಲನೆಯದರಲ್ಲಿ 1603, ಗುಲಾಬಿ ತೋಟದ ನಡುವೆ ಬೆಳೆದ ಮೆಲ್ ಮತ್ತು ನೆಲ್ಲಿ ಎಂಬ ಅಣ್ಣತಂಗಿ. ಎರಡನೆಯದರಲ್ಲಿ 1707, ತಾನು ಮನುಷ್ಯನಲ್ಲ, ಮೃಗ ಎಂದು ನಂಬಿ ಅಡಗಿ ಕೂತವನೊಬ್ಬ. ಮೂರನೆಯದರಲ್ಲಿ 1869, ರೈಲುಮಾರ್ಗದಲ್ಲಿ ಹಣ ಹೂಡಿ ಮೇಲೆ ಬರುತ್ತಿರುವ ಜಾಕೊಪೊ. ಹೆಂಡತಿಯ ಮೇಲೆ ಪ್ರೀತಿ ಇದೆ, ಆದರೆ ಬಾಯಿ ತೆರೆದರೆ ಬರುವುದು ಬೈಗುಳ. ಮೂರೂ ಕಡೆ ಬಿಳಿ ಕೂದಲಿನ ಒಬ್ಬಳು ಹುಡುಗಿ ಬರುತ್ತಾಳೆ, ಮೂರೂ ಕಡೆ ಮನೆ ಹಾಳಾಗುತ್ತದೆ.

ಬಹಳ ಜನ ಇಲ್ಲಿಯೇ ಕೈಬಿಡುತ್ತಾರೆ. ಅವರನ್ನು ದೂರಲಾರೆ. ಮೊದಲ ಬಾಗಿಲಂತೂ ಎಷ್ಟು ನಿಧಾನವೆಂದರೆ, ನೆಲ್ಲಿಯ ಮುನಿಸು ಮುಗಿಯುವುದರೊಳಗೆ ಕುಕ್ಕರು ಕೂಗಿ, ಊಟ ಮುಗಿದು, ಪಾತ್ರೆಯೂ ತೊಳೆದಾಗಿರುತ್ತದೆ. ಆಡಿ ಮುಗಿಸಿದವರು ಹೊಸಬರಿಗೆ ಹೇಳುವ ಮಾತು ಒಂದೇ: ನಾಲ್ಕನೆಯ ಬಾಗಿಲು ದಾಟುವವರೆಗೆ ಬಿಡಬೇಡಿ. ಯಾಕೆ ಎಂದು ಕೇಳಿದರೆ ತುಟಿ ಬಿಗಿಯುತ್ತಾರೆ. ಆಟದ ಅಭಿಮಾನಿಗಳಿಗೆ ಗುಟ್ಟು ಒಡೆಯುವುದಕ್ಕಿಂತ ದೊಡ್ಡ ಪಾಪ ಬೇರೆ ಇಲ್ಲ. ನಾನು ಆ ಪಾಪವನ್ನು ಇಲ್ಲಿ ಮಾಡುವವನಿದ್ದೇನೆ. ಆಡುವ ಮನಸ್ಸಿರುವವರು ಇಲ್ಲಿಗೇ ಪುಟ ಮಡಚಿಡಬಹುದು.

ನಾಲ್ಕನೆಯ ಬಾಗಿಲ ಹಿಂದೆ 1099. ಶಾಪಗ್ರಸ್ತನೆಂದು ಮಹಲಿಗೆ ದೂಡಲ್ಪಟ್ಟ ಮಿಶೆಲ್, ಮತ್ತದೇ ಬಿಳಿ ಕೂದಲಿನ ಹುಡುಗಿ, ಒಂದು ನವಿರಾದ ಪ್ರೇಮ, ಘೋರ ಅಂತ್ಯ. ಕಣ್ಣು ಒರೆಸಿಕೊಳ್ಳುವ ಹೊತ್ತಿಗೆ ಗೊತ್ತಾಗುತ್ತದೆ, ಹೇಳಿದ್ದು ಸುಳ್ಳು. ಇಷ್ಟು ಹೊತ್ತು ಕೈ ಹಿಡಿದು ನಡೆಸಿದ ದಾಸಿಯೇ ಆ ಕಥೆಯ ಹೆಣ್ಣು, ಅವಳ ಹೆಸರು ಜಿಸೆಲ್. ಕೇಳುತ್ತ ಕೂತ ನೆನಪಿಲ್ಲದ ನೀವೇ ಮಿಶೆಲ್. ಅವನ ತಂದೆಯಿಂದಲೇ ಅನ್ಯಾಯಕ್ಕೊಳಗಾಗಿ ಆ ಮನೆಗೆ ಬಂದು ಬಿದ್ದ ಸೇವಕಿ ಅವಳು. ಅವನು ಸತ್ತ ಮೇಲೆ, ಮರಳಿ ಬಂದಾನೆಂದು ಶತಮಾನಗಳ ಕಾಲ ಅದೇ ಮನೆಯಲ್ಲಿ ಕಾಯುತ್ತ ಕಾಯುತ್ತ ತಾನು ಯಾರೆಂಬುದನ್ನೇ ಸವೆಸಿಕೊಂಡಿದ್ದಾಳೆ. ಇದಾದ ಮೇಲೆ ಹಿಂದಿನ ಮೂರು ಬಾಗಿಲುಗಳನ್ನು ಯಾರೂ ನೆಮ್ಮದಿಯಿಂದ ನೆನೆಸಿಕೊಳ್ಳಲಾರರು. ಆ ನಿಧಾನ ಬೇಕಿತ್ತು ಎಂದು ಆಗ ಅನ್ನಿಸುತ್ತದೆ. ಹೇಳುವವಳ ಮೇಲೆ ನಂಬಿಕೆ ಕೂರುವಷ್ಟು ಹೊತ್ತು ಕೊಡದಿದ್ದರೆ ಅದು ಮುರಿದಾಗ ಸದ್ದೇ ಆಗುತ್ತಿರಲಿಲ್ಲ.

ಸುಳ್ಳು ಹೇಳುವುದು ಪಾಳು ಮಹಲು, ಶಾಪಗಳ ಇಂಥ ಗಾಥಿಕ್ ಕಥೆಗಳ ಮನೆತನದ ಗುಣ ಎನ್ನಬೇಕು. ಈ ಜಾತಿಯ ಮೊದಲ ಕಾದಂಬರಿ ಎನ್ನುವ 'ದಿ ಕಾಸಲ್ ಆಫ್ ಒಟ್ರಾಂಟೋ' 1764ರಲ್ಲಿ ಬಂದಾಗ ಹೊರೇಸ್ ವಾಲ್‌ಪೋಲ್ ತನ್ನ ಹೆಸರನ್ನೇ ಹಾಕಿರಲಿಲ್ಲ. ಇಟಲಿಯ ಹಳೆಯದೊಂದು ಪುಸ್ತಕದ ಅನುವಾದ ಎಂದು ಬೊಗಳೆ ಬಿಟ್ಟಿದ್ದ. ಜನ ಮೆಚ್ಚಿದ ಮೇಲೆ, ಎರಡನೆಯ ಮುದ್ರಣದಲ್ಲಿ, ಬರೆದದ್ದು ನಾನೇ ಎಂದ. ಲಂಡನ್ನಿನ ಹತ್ತಿರ ಅವನು ಕಟ್ಟಿಸಿಕೊಂಡ ಸ್ಟ್ರಾಬೆರಿ ಹಿಲ್ ಮನೆಯ ಗ್ಯಾಲರಿಯ ಚಾವಣಿ ಕೂಡ ಕಲ್ಲಿನದಲ್ಲ, ಕಾಗದದ ಮುದ್ದೆಯದು. ಹಾಗಾಗಿ ಜಪಾನಿನಲ್ಲಿ ಕೂತು ಯುರೋಪಿನ ಮಹಲು ಕಟ್ಟಿದ್ದಾರೆ, ಇದು ಅಸಲಿ ಅಲ್ಲ ಎಂದು ಮೂಗು ಮುರಿಯುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ಅಸಲಿ ಮಹಲು ಇದ್ದದ್ದಾದರೂ ಯಾವಾಗ?

ಮಿಶೆಲ್‌ನ ಗುಟ್ಟಿನ ವಿಷಯದಲ್ಲಿ ಮಾತ್ರ ಆಟ ಎಲ್ಲೂ ಚಮತ್ಕಾರಕ್ಕೆ ಕೈಹಾಕುವುದಿಲ್ಲ. ಹೆಣ್ಣು ಮಗುವೆಂದು ಬೆಳೆಸಿದ್ದ ಕೂಸು ಹರೆಯದಲ್ಲಿ ಗಂಡಾಗತೊಡಗಿದಾಗ ಮನೆಯವರು ಅದನ್ನು ಸೈತಾನನ ಕೆಲಸವೆಂದುಕೊಂಡು ಅವನನ್ನು ದೂರ ಅಟ್ಟುತ್ತಾರೆ. ಈ ಸಂಗತಿಯನ್ನು ಬೆಚ್ಚಿಬೀಳಿಸುವ ತಿರುವಾಗಿ ಬಳಸಿಕೊಳ್ಳುವುದು ಸುಲಭವಿತ್ತು. ಹನಾದಾ ಹಾಗೆ ಮಾಡದೆ, ತನ್ನ ದೇಹದೊಡನೆ ಅವನು ಒಂದು ಒಪ್ಪಂದಕ್ಕೆ ಬರುವ ಹಾದಿಯನ್ನು ತಾಳ್ಮೆಯಿಂದ ಬರೆದಿದ್ದಾರೆ. ಇಡೀ ಕೃತಿಯಲ್ಲಿ ನನಗೆ ಹೆಚ್ಚು ಹಿಡಿಸಿದ ಪುಟಗಳು ಇವೇ.

ಇನ್ನು ಮೊರ್ಗಾನಾ. ಮಹಲಿನ ಮಾಟಗಾತಿ ಅವಳು. ಬದುಕಿದ್ದಾಗ ತನ್ನನ್ನು ಹಿಂಸಿಸಿದ ಮೂವರಿಗೆ ಶಾಪ ಕೊಟ್ಟಿದ್ದಾಳೆ: ಮತ್ತೆ ಮತ್ತೆ ಹುಟ್ಟಿ, ಮತ್ತೆ ಮತ್ತೆ ನರಳಿ. ಮೂರು ಬಾಗಿಲುಗಳ ಮೂವರು ಗಂಡಸರು ಅವರೇ. ಜನ್ಮಾಂತರ ನಮಗೆ ಹೊಸದಲ್ಲ. 1209ರಲ್ಲೇ ಜನ್ನ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿಮಗನನ್ನು ನವಿಲು, ನಾಯಿ ಎಂದು ಎಷ್ಟು ಜನ್ಮ ತಿರುಗಿಸಿದ! ಅಲ್ಲಿಯೂ ಕಥೆ ಹೇಳುವವರು ಕಥೆ ಅನುಭವಿಸಿದವರೇ. ಚಂಡಮಾರಿಯ ಗುಡಿಯಲ್ಲಿ ಬಲಿಗೆ ನಿಂತ ಹುಡುಗ ಅಭಯರುಚಿ ತನ್ನ ಹಿಂದಿನ ಹುಟ್ಟುಗಳನ್ನು ಹೇಳಿ ಮಾರಿದತ್ತ ರಾಜನ ಕತ್ತಿಯನ್ನು ತಡೆಯುತ್ತಾನೆ. ಆದರೆ ಜನ್ನನ ಲೋಕದಲ್ಲಿ ಲೆಕ್ಕ ಇಡುವುದು ಕರ್ಮ, ಅದಕ್ಕೆ ಸಿಟ್ಟಿಲ್ಲ. ಮೊರ್ಗಾನಾಳ ಲೋಕದಲ್ಲಿ ಲೆಕ್ಕ ಇಡುವವಳು ನೊಂದ ಒಬ್ಬ ಹುಡುಗಿ. ಶಿಕ್ಷೆ ಅನುಭವಿಸುವವರಿಗೆ ಅಪರಾಧ ನೆನಪಿಲ್ಲ, ನೆನಪಿರುವವಳು ಅವಳೊಬ್ಬಳೇ. ಹೀಗಾಗಿ ಆ ಶಿಕ್ಷೆಯನ್ನು ಪೂರ್ತಿ ಅನುಭವಿಸುತ್ತಿರುವವಳೂ ಅವಳೇ.

ಮಿಶೆಲ್ ಅವಳನ್ನು ಬಿಡಿಸಲು ಹೊರಡುತ್ತಾನೆ. ಇಲ್ಲಿ ನಾನು ಬೇಸರಪಡಲು ತಯಾರಾಗಿ ಕೂತಿದ್ದೆ. ನೊಂದವಳು ಕಣ್ಣೀರಿಟ್ಟು ಎಲ್ಲರನ್ನೂ ಕ್ಷಮಿಸುವುದು, ಹಾಡು, ಬೆಳಕು. ನಮ್ಮ ಸಿನಿಮಾಗಳಲ್ಲಿ ಕೊನೆಯ ರೀಲಿನಲ್ಲಿ ಅತ್ತೆಯನ್ನು ತಬ್ಬಿಕೊಳ್ಳುವ ಸೊಸೆಯರನ್ನು ಕಂಡು ಬೆಳೆದವನು ಬೇರೇನು ನಿರೀಕ್ಷಿಸಲಿ? ಆಟ ಆ ದಾರಿ ಹಿಡಿಯುವುದಿಲ್ಲ. ಹಿಂಸಿಸಿದವರ ಬದುಕಿನಲ್ಲೂ ನೋವಿತ್ತೆಂದು ಅವಳಿಗೆ ಗೊತ್ತಾಗಬೇಕು, ಅಷ್ಟೆ. ಗೊತ್ತಾಯಿತೆಂದ ಮಾತ್ರಕ್ಕೆ ಕ್ಷಮಿಸಲೇಬೇಕೆಂಬ ಸಾಲ ಅವಳ ಮೇಲೆ ಬೀಳುವುದಿಲ್ಲ. ದ್ವೇಷವನ್ನು ಕೆಳಗಿಡುವುದೇ ಬೇರೆ, ಕ್ಷಮೆ ಕೊಡುವುದೇ ಬೇರೆ ಎಂದು ಇಷ್ಟು ನೇರವಾಗಿ ಬೇರ್ಪಡಿಸಿದ ಕಥೆಯನ್ನು ನಾನು ಹೆಚ್ಚು ಓದಿಲ್ಲ.

ಆದ್ದರಿಂದಲೇ ಮುಂದಿನ ಕಥೆಗಳು ಬಂದಾಗ ನನಗೆ ಅಳುಕಿತ್ತು. 'ಎ ರಿಕ್ವಿಯಮ್ ಫಾರ್ ಇನ್ನೊಸೆನ್ಸ್' ಎಂಬುದು ಹಿಂದಕ್ಕೆ ಹೋಗುತ್ತದೆ. ಮೊರ್ಗಾನಾ ಇನ್ನೂ ಮಾಟಗಾತಿಯಾಗದ ಕಾಲ. ಮೂರನೆಯ ಬಾಗಿಲಲ್ಲಿ ಕಂಡ ಜಾಕೊಪೊ ಆ ಹಿಂದಿನ ಜನ್ಮದಲ್ಲಿ ಇನ್ನೂ ಕೊಳೆಗೇರಿಯ ಹುಡುಗರ ನಾಯಕ. ಅವನ ಒಡನಾಡಿ ಮರಿಯಾ ಇದ್ದಾಳೆ, ವೇಶ್ಯಾಗೃಹದ ಹೆಂಗಸರಿದ್ದಾರೆ, ಅವರ ಜಗಳ, ತಮಾಷೆ, ಒಂದೇ ತುಂಡು ಬ್ರೆಡ್ಡಿಗೆ ನಾಲ್ಕು ಕೈ. ಊರಿನ ಒಡೆಯನ ವಿರುದ್ಧ ಏಳುವ ಜಾಕೊಪೊ ಗೆಲ್ಲುತ್ತಾನೆ, ಒಡೆಯನ ಕುರ್ಚಿಯಲ್ಲಿ ಕೂರುತ್ತಾನೆ, ಕೂತ ಮೇಲೆ ಕುರ್ಚಿ ಹೇಳಿದಂತೆ ಕೇಳುತ್ತಾನೆ. ಅಂತ್ಯ ನಮಗೆ ಮೊದಲೇ ಗೊತ್ತು. ಗೊತ್ತಿದ್ದೂ ಪ್ರತಿ ನಗೆಯ ದೃಶ್ಯದಲ್ಲಿ, ಈ ಸಲ ತಪ್ಪಿಸಿಕೊಂಡಾರೇನೋ ಎಂದು ಆಸೆ ಹುಟ್ಟಿಸುವುದು ಬರೆದವರ ಕಸುಬು.

ಅಪಾಯ ಇಲ್ಲಿತ್ತು. ಜಾಕೊಪೊನನ್ನು ನಾವು ಇಷ್ಟಪಟ್ಟುಬಿಡುತ್ತೇವೆ. ನಾನಂತೂ ಇಷ್ಟಪಟ್ಟೆ. ಮೊರ್ಗಾನಾಳನ್ನು ಗೋಪುರದಲ್ಲಿ ಕೂಡಿಹಾಕಿದವನು ಇವನೇ ಎಂಬುದು ಮರೆತುಹೋಗುವಷ್ಟು. ಆಡಿದವರಲ್ಲಿ ಎರಡು ಪಂಗಡ ಹುಟ್ಟಿದ್ದೂ ಇದರಿಂದಲೇ. ಇದು ಖಳನಿಗೆ ಬಿಳಿ ಬಣ್ಣ ಬಳಿಯುವ ಕೆಲಸ ಎನ್ನುವವರು ಒಂದು ಕಡೆ. ಇದಿಲ್ಲದೆ ಮೂಲ ಕಥೆಯೇ ಅರ್ಧ ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಕಡೆ, ಆದರೆ ಅವರು ಕೊಡುವ ಕಾರಣಕ್ಕಲ್ಲ. ಮೂಲ ಆಟ ಮೊರ್ಗಾನಾಳಿಗೆ ಕ್ಷಮಿಸದಿರುವ ಹಕ್ಕು ಕೊಟ್ಟಾಗ ಅದನ್ನು ಒಪ್ಪುವುದು ನಮಗೆ ಸುಲಭವಿತ್ತು, ಯಾಕೆಂದರೆ ಜಾಕೊಪೊ ನಮಗೆ ಯಾರೂ ಆಗಿರಲಿಲ್ಲ. ಈಗ ಅವನು ನಮ್ಮವನಾಗಿದ್ದಾನೆ. ಅವನ ಪರವಾಗಿ ನಾವೇ ಅವಳ ಮುಂದೆ ಹೋಗಿ, "ಹೋಗಲಿ ಬಿಡಮ್ಮ, ಪಾಪ" ಎನ್ನುವ ಸ್ಥಿತಿಯಲ್ಲಿದ್ದೇವೆ. ಊರುಮನೆಗಳಲ್ಲಿ ನೊಂದ ಹೆಣ್ಣಿನ ಮುಂದೆ ಹಿರಿಯರು ಹೀಗೆಯೇ ಕೂತಿರುತ್ತಾರೆ. ಅವರಿಗೆ ಹುಡುಗನ ಬಾಲ್ಯ ಗೊತ್ತು, ಅವನ ಒಳ್ಳೆಯ ಗುಣ ಗೊತ್ತು, ಗೊತ್ತಿಲ್ಲದಿರುವುದು ಆ ಗೋಪುರದ ಒಳಗಿನ ಕತ್ತಲು ಮಾತ್ರ.

ಮೂರನೆಯದು 'ರೀಇನ್‌ಕಾರ್ನೇಷನ್'. ಮೂಲ ಆಟ, 'ರಿಕ್ವಿಯಮ್', ಇದು, ಜೊತೆಗೊಂದಿಷ್ಟು ಸಣ್ಣ ಕಥೆಗಳು ಎಲ್ಲವೂ ಸೇರಿದ ಆವೃತ್ತಿ 2021ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂತು. 'ರೀಇನ್‌ಕಾರ್ನೇಷನ್' ನಡೆಯುವುದು ಈ ಕಾಲದಲ್ಲಿ, ಹಿಂದಿನವರು ಮತ್ತೆ ಹುಟ್ಟಿ ಬಂದಿರುವ ಊರುಗಳಲ್ಲಿ. ಇದರ ಬಗ್ಗೆ ನನಗೆ ಅಷ್ಟು ಹೇಳಲು ಇಲ್ಲ. ಒಂಬೈನೂರು ವರ್ಷ ಕಾದವರು ಎದುರುಬದುರು ಕೂತು ಕಾಫಿ ಕುಡಿಯುವುದನ್ನು ನೋಡಲು ಯಾರಿಗೆ ಬೇಡ? ಆದರೆ ಸುಖಕ್ಕೆ ಗಾಥಿಕ್ ಕಥೆಯಲ್ಲಿ ಮಾಡಲು ಕೆಲಸ ಕಮ್ಮಿ. ಕೆಲವು ಕಡೆ ಅಭಿಮಾನಿಗಳ ಬೇಡಿಕೆಗೆ ಬಡಿಸಿದ ಸಿಹಿಯೂಟದಂತಿದೆ, ಹೋಳಿಗೆಯ ಮೇಲೆ ಪಾಯಸ. ತಿಂದೆ, ಇಲ್ಲವೆನ್ನುವುದಿಲ್ಲ.

ಮೂರನ್ನೂ ಓದುವುದಾದರೆ ಬಂದ ಕ್ರಮದಲ್ಲೇ ಓದಿ. ಕಾಲದ ಲೆಕ್ಕದಲ್ಲಿ 'ರಿಕ್ವಿಯಮ್' ಮೊದಲು ಬರುತ್ತದಲ್ಲ ಎಂದು ಅದರಿಂದಲೇ ಶುರುಮಾಡುವ ಅಚ್ಚುಕಟ್ಟಿನ ಜನ ಇದ್ದಾರೆ. ಹಾಗೆ ಓದಿದರೆ ಜಾಕೊಪೊನನ್ನು ಮೊದಲು ಪ್ರೀತಿಸಿ, ಆಮೇಲೆ ಮೊರ್ಗಾನಾಳ ಅಳಲನ್ನು ಅವನ ಸ್ನೇಹಿತರಾಗಿ ಕೇಳುತ್ತೀರಿ. ಅವಳ ಮಾತನ್ನು ಮೊದಲು ಕೇಳುವುದೇ ಸರಿ.