ಎಲ್ಕ್ ಬ್ಯಾಟಿಗಿ ಯಾವ ರಾಜ್ಯಕ್ಕ ಹೋಗೋದು?

ಕೊಡಂಬಲದ ಅಕ್ಕಂದಿರು, ವೈನಿಯವ್ರು, ನಮ್ಮ ಓಣಿ ಮಂದಿ ಎಲ್ಲಾರೂ ಹೋದ ತಿಂಗಳಿಂದ ಒಂದೇ ಮಾತು ಕೇಳ್ಲತ್ತೀರಿ. "ನಿಮ್ಮ ಮನ್ಯಾವ್ರು ಬಿಲ್ಲು ಬಾಣ ಹಿಡಕೊಂಡು ಅಡವಿಗಿ ಹೊಂಟಾರಂತ, ಖರೇ ಯಾನ?" ಖರೇ ಅದ. ಒಬ್ಬೊಬ್ಬರಿಗಿ ಫೋನಿನಾಗ ಹೇಳಿ ಹೇಳಿ ಬಾಯಿ ಒಣಗ್ಯಾದ, ಅದಕ್ಕ ಎಲ್ಲಾ ಇಲ್ಲೇ ಬರೀಲತ್ತೀನಿ. ಓದಿದವ್ರು ಓದಲಾರದವ್ರಿಗಿ ಹೇಳ್ರಿ.

ಎಲ್ಕ್ ಅಂದ್ರ ದೊಡ್ಡ ಜಾತಿ ಜಿಂಕಿ. ನಮ್ಮ ಹೊಲದಾಗ ತಿರಗೋ ಚಿಗರಿ ಅದರ ಮುಂದ ಮರಿ ಕಂಡಂಗ ಕಾಣ್ತಾದ. ಗಂಡು ಹೆಗಲಿನ ತನಕ 5 ಅಡಿ ಎತ್ತರ, ತೂಕ 300 ಕಿಲೋದ ಮ್ಯಾಲ. ದೇವಣಿ ಹೋರಿಗಿಂತ ತೂಕದಾಗ ಕಮ್ಮಿ, ಎತ್ತರದಾಗ ಸೋಲಲ್ಲ. ಆ ಕೊಂಬು ವರ್ಷಾ ಉದುರಿ ಮತ್ತ ಹೊಸಾವು ಬರ್ತಾವ. ಸಪ್ಟಂಬರ್ ಅದರ ಬೆದಿ ಕಾಲ, ಗಂಡು ಪೀಪಿ ಊದಿದಂಗ ಕೂಗ್ತಾದ. ಬಂದೂಕಿನವ್ರು ದೂರ ನಿಂತು ಹೊಡೀತಾರ. ಬಿಲ್ಲಿನವ್ರು 30-40 ಹೆಜ್ಜಿ ಸಮೀಪ ಹೋಗಬೇಕು, ಅದಕ್ಕೇ ಬಿಲ್ಲಿನ ಬ್ಯಾಟಿ ಈ ಕೂಗೋ ಕಾಲಕ್ಕ ಇಡ್ತಾರ. ಇಷ್ಟಾದರೂ ಕೊಲೊರಾಡೊದಾಗ ಬಿಲ್ಲು ಹಿಡದು ಹೋದ ಹತ್ತು ಮಂದ್ಯಾಗ ಒಬ್ಬರಿಗೋ ಇಬ್ಬರಿಗೋ ಸಿಗ್ತಾದ, ಉಳಿದವ್ರು ಬೆಟ್ಟ ನೋಡಿ ಬರ್ತಾರ.

"ಜೈಲಿಗಿ ಹಾಕಲ್ಲೇನ ನಿನ ಗಂಡಗ?" ಅಂತ ಬಾಜು ಮನಿ ಕಾಕಿ ಕೇಳ್ಯಾಳ. ಕಾಕೀ, ನಮ್ಮ ಕಡಿ 1972ರ ಕಾಯ್ದೆ ಅದ, ಚಿಗರಿ ಕಡ್ಲಿ ಹೊಲ ಮೇದು ಹೋದರೂ ರೈತ ಕಲ್ಲು ಒಗದು ಓಡಸಬೇಕು, ಅಷ್ಟೇ. ಇಲ್ಲಿ ಪದ್ಧತಿ ಬ್ಯಾರೆ. ಹಿಂದಿನ ಕಾಲದಾಗ ಇವ್ರು ಮನಸ್ಸಿಗಿ ಬಂದಂಗ ಹೊಡದು, 1910ರ ಹೊತ್ತಿಗಿ ಕೊಲೊರಾಡೊದಾಗ ಸಾವಿರ ಎಲ್ಕ್ ಸೈತ ಉಳಿದಿದ್ದಿಲ್ಲ. ವಯೋಮಿಂಗ್ ಕಡಿಯಿಂದ ತಂದು ಬಿಟ್ಟು, ಬ್ಯಾಟಿಗಿ ಲೆಕ್ಕ ಹಚ್ಚಿ, ಈಗ ಎರಡೂ ಮುಕ್ಕಾಲು ಲಕ್ಷದ ಮ್ಯಾಲ ಹಾವ. ಒಂದು ಚೀಟಿಗಿ ಒಂದೇ ಪ್ರಾಣಿ. ಆ ಚೀಟಿ ರೊಕ್ಕದಾಗೇ ಅವುಗಳ ಅಡವಿ ಕಾಯ್ತಾರ. ತಿನ್ನೋ ಮಾಂಸ ಅಡವ್ಯಾಗ ಬಿಟ್ಟು ಕೊಂಬು ಅಷ್ಟೇ ಹೊತ್ಕೊಂಡು ಬಂದ್ರ ಅದು ಇಲ್ಲಿ ದೊಡ್ಡ ಅಪರಾಧ.

ಈಗ ನಮ್ಮವ್ರ ಮಾತು. ಎರಡು ವರ್ಷದ ಹಿಂದ ಅವ್ರ ಎದಿಯಾಗ ಸ್ಟೆಂಟ್ ಹಾಕ್ಯಾರಂತ ನಿಮಗೆಲ್ಲಾ ಗೊತ್ತದ. 46 ವರ್ಷದ ಮನುಷ್ಯ. ಮನಿಗಿ ಬಂದ ಮ್ಯಾಲ ಮಾತು ಕಮ್ಮಿ ಆಯ್ತು. ಆಫೀಸು, ಸೋಫಾ, ಫೋನು. ಮಗಳು ಕರದ್ರ ಹೂಂ ಅಂತಿದ್ರು, ಏಳ್ತಿದ್ದಿಲ್ಲ. ಕಡಿಗಿ ಅವ್ರ ಜೋಡಿ ಕೆಲಸಾ ಮಾಡೋರೊಬ್ಬರು ಪಾರ್ಕಿನಾಗ ಬಿಲ್ಲು ಕಲಸೋ ಜಾಗಕ್ಕ ಕರಕೊಂಡು ಹೋದ್ರು. ಬಿಲ್ಲು ಅಂದ್ರ ರಾಮಾಯಣದ್ದಲ್ಲ, ಗಾಲಿ ಹಗ್ಗ ಇರೋ ಕಾಂಪೌಂಡ್ ಬಿಲ್ಲು. ಒಂದು ತಿಂಗಳು ಹೋಗೋದರಾಗ ಮುಂಜಾನಿ ತಾವೇ ಎದ್ದು ಚಹಾ ಮಾಡ್ಲಾಕ ಹತ್ಯಾರ. ಊಟದ ಹೊತ್ತಿಗಿ ಮಾತಾಡ್ಲಾಕ ಹತ್ಯಾರ. ಅದಕ್ಕ "ಸಪ್ಟಂಬರದಾಗ ಎಲ್ಕಿಗಿ ಹೋಗ್ಲೇನ?" ಅಂತ ಕೇಳಿದಾಗ ಬ್ಯಾಡ ಅನ್ಲಾಕ ನನ್ನ ಬಾಯಿ ಬರಲಿಲ್ಲ. ಡಾಕ್ಟರು ಟ್ರೆಡ್‌ಮಿಲ್ ಮ್ಯಾಲ ಓಡಿಸಿ ನೋಡಿ ಹೂಂ ಅಂದ್ರು, ಆದ್ರ ಎತ್ತರದ ಜಾಗದಾಗ ಸಾವಕಾಶ ಅಂದಾರ. ನಾ ಅಂದೆ, ಹೋಗ್ರಿ, ಆದ್ರ ಎಲ್ಲಿಗಿ ಅಂಬೋದು ನಾ ನೋಡಿ ಹೇಳ್ತೀನಿ. ಮನಿ ಲೆಕ್ಕ ನನ್ನ ಕೈಯಾಗ ಅದ, ಗುಳಗಿ ಡಬ್ಬಿನೂ ನನ್ನ ಕೈಯಾಗೇ ಅದ.

ನಾವು ಇರೋದು ಡಲ್ಲಾಸದಾಗ. ಟೆಕ್ಸಾಸದಾಗ ನೂರಕ್ಕ 95 ಪಾಲು ಭೂಮಿ ಖಾಸಗಿಯವ್ರದು, ತಂತಿ ಬೇಲಿ ಹಾಕಿ ಕುಂತಾರ. ಪಶ್ಚಿಮದ ರಾಜ್ಯಗಳಾಗ ಸರ್ಕಾರಿ ಅಡವಿ ಭಾಳ, ನಮ್ಮ ಗಾಯರಾಣ ಇದ್ದಂಗ, ಯಾರಾದರೂ ಕಾಲಿಡಬಹುದು. ಅದಕ್ಕ ರಾಜ್ಯ ದಾಟಲೇಬೇಕು. ಹೊರಗಿನವ್ರು ಅಂದ ಕೂಡಲೇ ಚೀಟಿ ತುಟ್ಟಿ, ಪಾಳಿನೂ ಹಿಂದ.

ಸಮೀಪ ಇರೋದು ನ್ಯೂ ಮೆಕ್ಸಿಕೊ. ನನ್ನ ಮನಸ್ಸು ಮೊದಲು ಅಲ್ಲೇ ಇತ್ತು. ಆದ್ರ ಅಲ್ಲಿ ಎಲ್ಲಾ ಲಾಟರಿ, ನೂರು ಚೀಟ್ಯಾಗ 84 ಅವ್ರ ರಾಜ್ಯದವ್ರಿಗಿ, 10 ಗೈಡ್ ಹಿಡದವ್ರಿಗಿ, ನಮ್ಮಂಥವ್ರಿಗಿ 6. ಗೈಡ್ ಹಿಡೀಬೇಕಂದ್ರ ಐದಾರು ಸಾವಿರ ಡಾಲರ್‌ಗಿಂತ ಕಮ್ಮಿ ಸಿಗೋದು ಅಪರೂಪ, ಅದು ಮಗಳ ಕಾಲೇಜಿನ ರೊಕ್ಕ, ಮುಟ್ಟಂಗಿಲ್ಲ. ವಯೋಮಿಂಗಿನಾಗ ಇನ್ನೊಂದು ತಕರಾರು. ವಿಲ್ಡರ್ನೆಸ್ ಅಂತ ಹೆಸರಿಟ್ಟ ಅಡವ್ಯಾಗ ಹೊರಗಿನವ್ರು ಗೈಡ್ ಇಲ್ಲಾ ಅಂದ್ರ ಅಲ್ಲಿಯವ್ರೊಬ್ಬರನ್ನ ಜೋಡಿ ಇಟ್ಕೊಂಡೇ ಬ್ಯಾಟಿ ಆಡಬೇಕು. ನಮಗ ಅಲ್ಲಿ ಯಾರದಾರ? ಮೊಂಟಾನಾದಾಗ ಬಿಲ್ಲಿಗಿ ಆರು ವಾರ ಕೊಡ್ತಾರ, ಅದು ಛಲೋ. ಚೀಟಿ ಸಾವಿರ ಡಾಲರ್ ದಾಟ್ತಾದ, ದಾರಿ ದೂರ, ಮ್ಯಾಲ ಗ್ರಿಜ್ಲಿ ಕರಡಿ. ಕರಡಿ ಅಂದಲ್ಲೇ ನಾ ಆ ಹಾಳಿ ತಿರಿವ್ದೆ. ಕೆಂಟಕಿ ಅಂತ ಪೂರ್ವದ ರಾಜ್ಯದಾಗೂ 1997ರಿಂದ ತಂದು ಬಿಟ್ಟ ಎಲ್ಕ್ ಹಾವ, ಗುಡ್ಡ ಸಣ್ಣವು, ಎದಿಗಿ ತ್ರಾಸಿಲ್ಲ. ಆದ್ರ ಹತ್ತಾರು ಸಾವಿರ ಮಂದಿ ಅರ್ಜಿ ಹಾಕ್ತಾರ, ಚೀಟಿ ಕೆಲವು ನೂರು ಅಷ್ಟೇ. ಅದಕ್ಕ ನಂಬಿ ಕೂಡೋದು ಅಂದ್ರ ಮಳಿಗಾಲ ಮುಗದ ಮ್ಯಾಲ ಬಿತ್ಲಾಕ ಕುಂತಂಗ.

ಉಳಿದದ್ದು ಕೊಲೊರಾಡೊ. ಎಲ್ಲಾ ರಾಜ್ಯಕ್ಕಿಂತ ಹೆಚ್ಚು ಎಲ್ಕ್ ಇರೋದು ಅಲ್ಲೇ. ಮೊದಲೆಲ್ಲಾ ಹೊರಗಿನವ್ರು ಅಂಗಡಿಗಿ ಹೋಗಿ ಬಿಲ್ಲಿನ ಚೀಟಿ ಕೊಂಡು ನೆಟ್ಟಗ ಅಡವಿಗಿ ಹೋಗ್ತಿದ್ರು. ಮಂದಿ ಭಾಳ ಆಗಿ, 2025ರಿಂದ ಪಶ್ಚಿಮ ಭಾಗದಾಗ ಹೊರಗಿನವ್ರಿಗಿ ಅಲ್ಲೂ ಲಾಟರಿ ಮಾಡ್ಯಾರ. ಆದ್ರೂ ವರ್ಷಾನುಗಟ್ಟಲೆ ಪಾಯಿಂಟ್ ಕೂಡಿಸದೇನೂ ಸಿಗೋ ವಲಯಗಳು ಅಲ್ಲಿ ಹಾವ. ಚೀಟಿಗಿ 750 ಡಾಲರ್ ಮ್ಯಾಲ ಆಗ್ತಾದ. ಅರ್ಜಿ ಹಾಕೋಕ ಮುಂಚೆ ಇನ್ನೊಂದು ಸಣ್ಣ ಲೈಸೆನ್ಸ್ ಕೊಳ್ಳಬೇಕು, ಅದು 100 ಡಾಲರ್ ಆಸುಪಾಸು, ಚೀಟಿ ಬರಲಿ ಬಿಡಲಿ ಅದು ಹೋದಂಗೇ. ಪೆಟ್ರೋಲು, ರೂಮು ಎಲ್ಲಾ ಹಿಡದು 2,500 ಡಾಲರ್ ಅಂತ ನಾ ಗೆರಿ ಎಳದೀನಿ. ಊರಿನ ಲೆಕ್ಕದಾಗ ಎರಡು ಲಕ್ಷ ದಾಟ್ತಾದ. ಹೊಟ್ಟಿ ಉರೀತಾದ, ಇಲ್ಲಂತಿಲ್ಲ. ಆದ್ರ ಆಸ್ಪತ್ರಿ ಬಿಲ್ಲು ನೋಡಿದವ್ರಿಗಿ ಇದು ದೊಡ್ಡದಲ್ಲ.

ಖರೇ ಗುದ್ದಾಟ ಆಗಿದ್ದು ಎತ್ತರದ ಸಲುವಾಗಿ. ಬೀದರ್ ಇರೋದು ಸುಮಾರು 2,300 ಅಡಿ ಮ್ಯಾಲ, ಡಲ್ಲಾಸ 430 ಅಡಿ. ಅವ್ರು ಆರಿಸಿದ ಜಾಗ 11,000 ಅಡಿ! ಅಲ್ಲಿ ಗಾಳಿ ತೆಳ್ಳಗ, ಫೋನ್ ಹತ್ತಲ್ಲ, ಅತ್ಲಾಗ ಇತ್ಲಾಗ ಆದ್ರ ಕೇಳೋವ್ರಿಲ್ಲ. ನಾ ನಕಾಶಿ ಹಾಸಿಕೊಂಡು ಮೊದಲು ಆಸ್ಪತ್ರಿ ಹುಡುಕಿದೆ, ಆಮ್ಯಾಲ ಅಡವಿ. ಹಂಗ ಹುಡುಕಿ ಸಿಕ್ಕ ಊರು ಡುರಾಂಗೊ. ಊರು 6,500 ಅಡಿ ಮ್ಯಾಲ, ದೊಡ್ಡ ಆಸ್ಪತ್ರಿ ಅದ, ಸುತ್ತಲೂ ಸ್ಯಾನ್ ವಾನ್ ಸರ್ಕಾರಿ ಅಡವಿ. ನಮ್ಮ ಮನಿಯಿಂದ ಸುಮಾರು 1,400 ಕಿಲೋಮೀಟರ್, ಎರಡು ದಿನದ ಹಾದಿ. ಹೋದ ಕೂಡಲೇ ಗುಡ್ಡ ಏರಂಗಿಲ್ಲ, ಎರಡು ದಿನ ಊರಾಗೇ ಇದ್ದು ಉಸಿರು ಹೊಂದಿಸಬೇಕು. 9,000 ಅಡಿ ಮ್ಯಾಲ ಹೋಗಂಗಿಲ್ಲ. ಗೆಳ್ಯಾ ಜೋಡಿ ಇರಬೇಕು. ಉಪಗ್ರಹದ ಮೆಸೇಜ್ ಕಳಸೋ ಸಣ್ಣ ಯಂತ್ರ ಬರ್ತಾದ, ಅದು ಸೊಂಟದಾಗ ಇರಬೇಕು, ಮುಂಜಾನಿ ಸಂಜೀಕ ನನಗ ಸುದ್ದಿ ಬರಬೇಕು. ನಾನೂ ಮಗಳೂ ಊರಾಗ ರೂಮ್ ಮಾಡಿ ಇರ್ತೀವಿ. ಅವರು ಮಾರಿ ಸಣ್ಣ ಮಾಡಿದ್ರು, "ಬ್ಯಾಟಿಗಿ ಹೊಂಟೀನೋ ಸಾಲಿಗಿ ಹೊಂಟೀನೋ" ಅಂದ್ರು. ಆದ್ರ ಒಪ್ಪ್ಯಾರ.

ಇಷ್ಟು ಮುಗೀತು ಅನ್ನೋದರಾಗ ನಮ್ಮತ್ತಿ ವಿಡಿಯೋ ಕಾಲ್ ಮಾಡಿದ್ರು. ನಮ್ಮದು ತಿನ್ನೋ ಮನಿನೇ, ಅವ್ರಿಗಿ ಬ್ಯಾಟಿ ಅಂದ್ರ ಸಿಟ್ಟಿಲ್ಲ. ಅವ್ರ ಮಾವ ಮೊಲಾ ಹಿಡಕೊಂಡು ಬರ್ತಿದ್ರಂತ. ಆದ್ರ ಒಂದು ಕೇಳಿದ್ರು, "ಯವ್ವಾ, ಗಂಡು ಹೊಡೀತಾನೋ ಹೆಣ್ಣು ಹೊಡೀತಾನೋ?"

"ಎರಡಕ್ಕೂ ನಡಿಯೋ ಚೀಟಿ ಬರ್ತಾದ್ರಿ ಅತ್ತಿ" ಅಂದೆ.

"ಹೆಣ್ಣಿನ ಮ್ಯಾಲ ಬಾಣ ಬಿಡಬ್ಯಾಡ ಅಂತ ಹೇಳು ಅವನಿಗಿ. ಬೆನ್ನಿಗಿ ಕರು ಇರ್ತಾದ. ನನ್ನ ಮಗನ ಎದಿ ದೇವರು ಉಳಿಸ್ಯಾನ, ಇನ್ನೊಂದು ಕೂಸಿನ ತಾಯಿ ತಗೀಬ್ಯಾಡ್ರಿ."

ನನಗ ಏನ್ ಹೇಳಬೇಕು ತಿಳೀಲಿಲ್ಲ. ಯಾಕಂದ್ರ ಹೆಣ್ಣು ಸಿಗೋದು ಸರಳ, ಮಾಂಸ ಮೆತ್ತಗ, ಹೊರೋ ಭಾರನೂ ಕಮ್ಮಿ. ಸಂಖ್ಯೆ ಹತೋಟ್ಯಾಗ ಇಡ್ಲಾಕ ಸರ್ಕಾರನೇ ಹೆಣ್ಣಿನ ಚೀಟಿ ಕೊಡ್ತಾದ. ಗಂಡಿನ ಎಲುಬು ಬಿಡಿಸಿದ ಮಾಂಸನೇ 80-100 ಕಿಲೋ, ಬೆನ್ನ ಮ್ಯಾಲ ಹೊತ್ತು ನಾಕೈದು ಸುತ್ತು ಗುಡ್ಡ ಇಳೀಬೇಕು. ಅತ್ತಿ ಮಾತು ಕೇಳಿದ್ರ ಅವ್ರ ಮಗನ ಎದಿಗೇ ಭಾರ. ಹಂಗಂತ ಅವ್ರ ಮುಂದ ಕಿಲೋ ಲೆಕ್ಕ ಒಪ್ಪಸಲಾಕ ಮನಸ್ಸಾಗಲಿಲ್ಲ. ಸಪ್ಟಂಬರದಾಗ ಆ ಕರುಗೋಳಿಗಿ ಮೂರು ತಿಂಗಳು ಇರ್ತಾದ, ಅತ್ತಿ ಅಂದಿದ್ದು ಸುಳ್ಳಲ್ಲ.

ನಮ್ಮವ್ರು ಫೋನ್ ಇಸಕೊಂಡು, "ಆಯ್ತವ್ವಾ, ಗಂಡೇ. ಇಲ್ಲಾಂದ್ರ ಬರಿಗೈಲೇ ಬರ್ತೀನಿ" ಅಂದುಬಿಟ್ರು. ಗಂಡು ಅಂದ್ರ ಎಳೀದು ನಡಿಯಲ್ಲ, ಅಲ್ಲಿ ಭಾಳ ಕಡಿ ಒಂದು ಕೊಂಬಿಗಿ ಕಮ್ಮೀತ್ ಕಮ್ಮಿ 4 ಕವಲು ಇರಬೇಕಂತ ನಿಯಮ ಅದ. ನಾ ಮತ್ತ ಲೆಕ್ಕಕ್ಕ ಕುಂತೆ. ಕುದುರಿ ಇಟ್ಕೊಂಡವ್ರು ರೊಕ್ಕ ಕೊಟ್ರ ಅಡವಿಯಿಂದ ಮಾಂಸ ಹೊತ್ತು ತಂದು ಕೊಡ್ತಾರ. ಆ ರೊಕ್ಕ ತಗೀಲಾಕ ಈ ವರ್ಷ ಹೊಸಾ ಸೋಫಾ ಬಿಟ್ಟೀವಿ. ಹಳೀದಕ್ಕ ನಾ ಚಾದರ ಹಾಸೀನಿ, ಬಂದವ್ರಿಗಿ ಗೊತ್ತಾಗಲ್ಲ.

ಮಾಂಸ ಸಿಕ್ರ ನಮಗೂ ಒಂದು ಪಾಲು ಕಳಿಸು ಅಂತ ಚಾಷ್ಟಿ ಮಾಡೋ ನೆಗೆಣ್ಣಿಗಿ ಒಂದು ಮಾತು. ಟೆಕ್ಸಾಸಿಗಿ ತರ್ಲಾಕೇ ಸಾವಿರ ನಿಯಮ. ಜಿಂಕಿ ಜಾತಿಗಿ ಒಂದು ಮಿದುಳಿನ ರೋಗ ಬಂದಾದ, ಅದಕ್ಕ ಇಡೀ ತಲಿ, ಬೆನ್ನೆಲುಬು ತರಂಗಿಲ್ಲ. ಅಲ್ಲೇ ಬಿಡಿಸಿ, ತುಣುಕು ಪರೀಕ್ಷಾಕ್ಕ ಕೊಟ್ಟು, ರಿಪೋರ್ಟ್ ಬಂದ ಮ್ಯಾಲೇ ನಾ ಒಲಿ ಹಚ್ಚಾಕಿ.

ಅರ್ಜಿ ಹಾಕೀವಿ. ಏಪ್ರಿಲ್ ಮೊದಲ ವಾರ ಕಡೀ ದಿನ ಇತ್ತು, ಮೇ ಮುಗಿಯೋ ಹೊತ್ತಿಗಿ ಗೊತ್ತಾಗ್ತಾದ. ಚೀಟಿ ಬರಲಿಲ್ಲ ಅಂದ್ರ ಒಂದು ಪಾಯಿಂಟ್ ಜಮಾ ಆಗಿ ಮುಂದಿನ ವರ್ಷಕ್ಕ ಉಳೀತಾದ. ಮಗಳು ಮಾತ್ರ ಬಂದರೂ ಬರದಿದ್ದರೂ ಡುರಾಂಗೊಕ್ಕ ಹೋಗೋದೇ ಅಂತ ಹಟಾ ಹಿಡದಾಳ, ಅಲ್ಲಿ ಬಾಜುಕ ಮೇಸಾ ವರ್ಡೆ ಅಂತ ಕಲ್ಲಿನ ಗುಡ್ಡದ ಪೊಟರ್ಯಾಗ ಕಟ್ಟಿದ ಹಳೀ ಮನಿಗೋಳು ಹಾವಂತ.

ಅವ್ರು ದಿನಾ ಸಂಜೀಕ 20 ಪೌಂಡಿನ ಸೋನಾ ಮಸೂರಿ ಚೀಲ ಬೆನ್ನಿಗಿ ಹಾಕ್ಕೊಂಡು ಪಾರ್ಕಿಂಗ್ ಕಟ್ಟಡದ ಮೆಟ್ಟಲಾ ಏರಿ ಇಳೀಲತ್ತಾರ. ನಿನ್ನಿ ಬಂದು 40 ಪೌಂಡ್ ಹಾಕ್ಕೋಲೇನ ಅಂದ್ರು. ಡಾಕ್ಟರಿಗಿ ಕೇಳಿ ಹೇಳ್ತೀನಿ ಅಂದೀನಿ. ಸೋಮವಾರ ಹೋಗೋದದ.